ಮಳೆಯಲ್ಲಿ ಸ್ಟೇರಿಂಗ್ ಒಮ್ಮೆಲೇ ಹಗುರಾದರೆ ಏನು ಮಾಡೋದು?

ಪ್ರಶ್ನೆ: ಹೈವೇಯಲ್ಲಿ 80ರ ವೇಗದಲ್ಲಿದ್ದೆ. ನೀರು ನಿಂತ ಕಡೆ ಸ್ಟೇರಿಂಗ್ ಹಗುರಾಗಿ ಕಾರು ತೇಲಿದ ಹಾಗಾಯಿತು. ಬ್ರೇಕ್ ಒತ್ತಬೇಕಿತ್ತಾ?

ಉತ್ತರ 1: ಬೇಡವೇ ಬೇಡ! ಅದು ಅಕ್ವಾಪ್ಲೇನಿಂಗ್. ಟೈರಿನ ಗೀರುಗಳಿಗೆ ಅಷ್ಟೂ ನೀರನ್ನು ಹೊರಗೆ ತಳ್ಳಲು ಆಗದೆ ಟೈರ್ ನೀರಿನ ಮೇಲೆ ಏರಿಬಿಡುತ್ತದೆ, ಆಮೇಲೆ ಬ್ರೇಕ್ ಒತ್ತಿದರೂ ಸ್ಟೇರಿಂಗ್ ತಿರುಗಿಸಿದರೂ ರಸ್ತೆಗೆ ಗೊತ್ತೇ ಆಗಲ್ಲ. ಆಕ್ಸಿಲರೇಟರ್‌ನಿಂದ ಕಾಲು ಮೆಲ್ಲಗೆ ತೆಗೆಯಿರಿ, ಸ್ಟೇರಿಂಗ್ ನೇರ ಹಿಡಿಯಿರಿ, ಹಿಡಿತ ತಾನಾಗಿ ವಾಪಸ್ ಬರುತ್ತದೆ. ಮಳೆಯಲ್ಲಿ ಕ್ರೂಸ್ ಕಂಟ್ರೋಲ್ (ವೇಗವನ್ನು ತಾನಾಗಿ ಒಂದೇ ಮಟ್ಟದಲ್ಲಿ ಇಡುವ ವ್ಯವಸ್ಥೆ) ಆಫ್ ಇರಲಿ.

ಉತ್ತರ 2: ಟೈರ್ ಎಷ್ಟು ಸವೆದಿದೆ ನೋಡಿದ್ರಾ? ಹಲವು ದೇಶಗಳಲ್ಲಿ ಗೀರು 1.6 ಮಿ.ಮೀ. ಆಳ ಇದ್ದರೆ ಕಾನೂನಿಗೆ ಸಾಕು. ಆದರೆ ಜೋರು ಮಳೆಗೆ ಅದು ಏನೇನೂ ಸಾಲದು. ನಾನಂತೂ 3ಕ್ಕೆ ಇಳಿದರೆ ಬದಲಾಯಿಸುತ್ತೇನೆ.

ಉತ್ತರ 3: ಇನ್ನೊಂದು, ಸುಮ್ನೆ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಓಡಿಸಬೇಡಿ ಮಾರಾಯ್ರೇ, ಯಾವ ಕಡೆ ತಿರುಗುತ್ತೀರೋ ಹಿಂದಿನವರಿಗೆ ತಿಳಿಯಲ್ಲ. ಹೆಡ್‌ಲೈಟ್ ಲೋ ಬೀಮ್‌ನಲ್ಲಿದ್ದರೆ ಸಾಕು.