ಪೊಡ್ಜರ್ ಸ್ಪ್ಯಾನರ್‌ಗೆ ಶ್ಯಾಕಲ್ ಕೀ ಸೇರಿಸಿ ಒಂದೇ ಟೂಲ್ ಮಾಡಬಹುದೇ?

ಪ್ರಶ್ನೆ (ಬೀಮ್‌ಕಾಲಮ್):
ಎಂ20 (20 ಎಂಎಂ) ಹೈ ಸ್ಟ್ರೆಂತ್ ಬೋಲ್ಟ್ ಹಾಕುವ ಎರೆಕ್ಷನ್ ಕೆಲಸಕ್ಕೆ, ಅಂದರೆ ಸ್ಟೀಲ್ ಬೀಮ್ ಕಂಬ ನಿಲ್ಲಿಸಿ ಜೋಡಿಸಲು, ಒಂದು ಪೊಡ್ಜರ್ (ಬಾಲವಿರುವ ಸ್ಪ್ಯಾನರ್) ಡಿಸೈನ್ ಮಾಡುತ್ತಿದ್ದೇನೆ. ಒಂದು ತುದಿಗೆ 32 ಎಂಎಂ ಓಪನ್ ಸ್ಪ್ಯಾನರ್, ಇನ್ನೊಂದಕ್ಕೆ ತೂತು ಕೂಡಿಸುವ ಚೂಪು ಬಾಲ, ನಡುವೆ ಶ್ಯಾಕಲ್ (ಭಾರ ಎತ್ತುವಾಗ ಹಾಕುವ ಯು ಆಕಾರದ ಕೊಂಡಿ) ಪಿನ್ ತಿರುಗಿಸಲು ಒಂದು ಸ್ಲಾಟ್. ಒಟ್ಟು ಉದ್ದ 420 ಎಂಎಂ. ತೂತು 22 ಎಂಎಂ, ಪ್ಲೇಟು ಎರಡು, ದಪ್ಪ 12+12 ಎಂಎಂ. ಬಾಲದ ಅಳತೆ ಎಷ್ಟಿರಬೇಕು, ಯಾವ ಸ್ಟೀಲ್ ಒಳ್ಳೆಯದು, ಲ್ಯಾನ್ಯಾರ್ಡ್ (ಟೂಲ್ ಕೆಳಗೆ ಬೀಳದಂತೆ ಕಟ್ಟುವ ಹಗ್ಗ) ರಿಂಗ್ ವೆಲ್ಡ್ ಮಾಡಬಹುದೇ?

ಉತ್ತರ (ಡ್ರಿಫ್ಟ್‌ಪಿನ್):
ಬಾಲದ ವಿಷಯದಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ: ತುದಿಯಿಂದ ಬುಡದವರೆಗೂ ಪೂರ್ತಿ ಟೇಪರ್ (ಕ್ರಮೇಣ ದಪ್ಪವಾಗುವ ಆಕಾರ) ಕೊಡುವುದು. 200 ಎಂಎಂ ಉದ್ದದಲ್ಲಿ 8ರಿಂದ 21 ಎಂಎಂಗೆ ಏರಿಸಿದರೆ, ನಿಮ್ಮ 24 ಎಂಎಂ ದಪ್ಪದಲ್ಲೇ ವ್ಯಾಸ ಒಂದೂವರೆ ಎಂಎಂನಷ್ಟು ಬದಲಾಗುತ್ತದೆ. ಮುಂದಿನ ಪ್ಲೇಟು ಸಾಲಿಗೆ ಬಂದರೂ ಹಿಂದಿನದು ಪೂರ್ತಿ ಬರುವುದಿಲ್ಲ. ಪಕ್ಕದ ತೂತಿಗೆ ಬೋಲ್ಟ್ ಹಾಕಹೋದರೆ ಥ್ರೆಡ್ ಉಜ್ಜಿ ಹಾಳಾಗುತ್ತದೆ.

ತುದಿ 8 ಎಂಎಂ ಇಡಿ, 170 ಎಂಎಂನಲ್ಲಿ 21ಕ್ಕೆ ಏರಿಸಿ, ಅಲ್ಲಿಂದ ಮುಂದೆ 35 ಎಂಎಂ ನೇರ ಬಿಡಿ. ತೂತುಗಳು 14 ಎಂಎಂ ತಪ್ಪಿದ್ದರೂ 8 ಎಂಎಂ ತುದಿಗೆ ಲೆಕ್ಕದಲ್ಲಿ ದಾರಿ ಇದೆ. ನೇರ ಭಾಗ ಎರಡೂ ಪ್ಲೇಟು ದಾಟಿದ ಮೇಲೆ ಉಳಿಯುವ ಆಟ 1 ಎಂಎಂ, ಬೋಲ್ಟಿಗೆ ಇರುವುದು 2 ಎಂಎಂ. ಸಾಕು.

ಬಾಲ ದುಂಡಗೇ ಇರಲಿ, ಚೌಕ ಬೇಡ. ಇಷ್ಟು ಸಣ್ಣ ಕೋನದ ಟೇಪರ್ ತಾನಾಗಿ ಕಚ್ಚಿಕೊಳ್ಳುತ್ತದೆ. ದುಂಡಗಿದ್ದರೆ ಹಿಡಿ ತಿರುಗಿಸಿ ಬಿಡಿಸಬಹುದು. ಸುತ್ತಿಗೆಯಲ್ಲಿ ಬಡಿಯುವಷ್ಟು ಬಿಗಿ ಇದ್ದರೆ ಪೊಡ್ಜರ್ ಬಿಟ್ಟು ಡ್ರಿಫ್ಟ್ ಪಿನ್ (ತೂತು ಸಾಲಿಗೆ ತರಲು ಬಡಿದು ಹಾಕುವ ಪಿನ್) ತೆಗೆದುಕೊಳ್ಳಿ. ಅದರಲ್ಲೂ ಬಡಿದು ಬಡಿದು ತೂತು ದೊಡ್ಡದು ಮಾಡುವಂತಿಲ್ಲ.

ಉತ್ತರ (ಹದಗಾರ):
ಮೈಲ್ಡ್ ಸ್ಟೀಲ್ ಆಗುವುದಿಲ್ಲ, ಲೆಕ್ಕ ನೋಡಿ. ನಟ್ಟಿನಿಂದ 350 ಎಂಎಂ ದೂರದಲ್ಲಿ 60 ಕೆಜಿ ಭಾರ ಬಿದ್ದರೆ ಸುಮಾರು 206 ನ್ಯೂಟನ್ ಮೀಟರ್. ಬಾಯಿಯ ಹಿಂದೆ 20 ಎಂಎಂ ದುಂಡು ಕುತ್ತಿಗೆ ಇದ್ದರೆ ಅಲ್ಲಿ ಸ್ಟ್ರೆಸ್ 260 ಎಂಪಿಎ (ಚದರ ಎಂಎಂಗೆ 260 ನ್ಯೂಟನ್) ದಾಟುತ್ತದೆ. ಮೈಲ್ಡ್ ಸ್ಟೀಲ್ ಬಾಗುವುದೇ 250ಕ್ಕೆ. ಕುತ್ತಿಗೆ 16ಕ್ಕೆ ಇಳಿಸಿದರೆ 510 ಆಗುತ್ತದೆ.

ಇಎನ್24 ಎಂಬ ಅಲಾಯ್ ಸ್ಟೀಲ್ ತೆಗೆದುಕೊಳ್ಳಿ. 830–850 ಡಿಗ್ರಿಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ, ಮತ್ತೆ 550 ಡಿಗ್ರಿ ಆಸುಪಾಸಿನಲ್ಲಿ ಹದ ಮಾಡಿದರೆ 35–40 ಎಚ್‌ಆರ್‌ಸಿ (ರಾಕ್‌ವೆಲ್ ಗಡಸುತನದ ಅಳತೆ) ಸಿಗುತ್ತದೆ. ಇನ್ನೂ ಗಟ್ಟಿ ಬೇಕೆಂದು 300 ಡಿಗ್ರಿಗೇ ನಿಲ್ಲಿಸಬೇಡಿ, ಆ ಹಂತದಲ್ಲಿ ಸ್ಟೀಲ್ ಪೆಡಸಾಗಿ ತುದಿ ಚಕ್ಕೆ ಏಳುತ್ತದೆ.

ಹದ ಮಾಡಿದ ಮೇಲೆ ರಿಂಗ್ ವೆಲ್ಡ್ ಮಾಡಲೇಬೇಡಿ. ವೆಲ್ಡಿನ ಅಂಚಿನಲ್ಲೇ ಬಿರುಕು ಶುರುವಾಗುತ್ತದೆ. ಬದಲಿಗೆ ಹಿಡಿಯ ನಡುವೆ 2 ಎಂಎಂ ಆಳದ, ಮೂಲೆ ದುಂಡಗಿರುವ ಗ್ರೂವ್ ಅನ್ನು ಲೇತ್‌ನಲ್ಲಿ ತಿರುವಿ, ಹಗ್ಗ ಕಟ್ಟಲು ಎರಡು ಹೋಳಿನ ಕಾಲರ್ (ಬಳೆ) ಕೂರಿಸಿ. ಕಾಲರ್ ಸ್ಕ್ರೂಗೆ ಥ್ರೆಡ್ ಲಾಕ್ (ಸಡಿಲವಾಗದಂತೆ ಹಾಕುವ ಅಂಟು) ಹಾಕಿ. ಕಾಲರ್ ಸುತ್ತುತ್ತಿರಬೇಕು, ಇಲ್ಲವಾದರೆ ಸ್ಪ್ಯಾನರ್ ಮಗುಚಿದಾಗಲೆಲ್ಲ ಹಗ್ಗ ಸುತ್ತಿಕೊಳ್ಳುತ್ತದೆ. ಬಾಲದ ತುದಿಗಂತೂ ಕಟ್ಟಲಾಗದು, ಅದು ತೂತಿನೊಳಗೆ ಹೋಗಬೇಕಲ್ಲ. ಟೂಲ್ ಸುಮಾರು ಒಂದು ಕೆಜಿ ತೂಗುತ್ತದೆ. 30 ಮೀಟರ್ ಮೇಲಿಂದ ಜಾರಿದರೆ ನೆಲ ಮುಟ್ಟುವಾಗ ವೇಗ ಗಂಟೆಗೆ 87 ಕಿಮೀ.

ಬೀಮ್‌ಕಾಲಮ್:
ಕಾಲರ್ ಐಡಿಯಾ ಚೆನ್ನಾಗಿದೆ. ಟೂಲನ್ನು ಹಳೇ ಲಾರಿ ಪಟ್ಟೆಯಲ್ಲಿ (ಲೀಫ್ ಸ್ಪ್ರಿಂಗ್) ಮಾಡಬಹುದೇ? ಶ್ಯಾಕಲ್ ಸ್ಲಾಟ್ ಬಗ್ಗೆ ಯಾರೂ ಹೇಳಲಿಲ್ಲ.

ಉತ್ತರ (ಸ್ಲಿಂಗ್‌ಮ್ಯಾನ್):
ಪಟ್ಟೆ ಬೇಡ. ಎಷ್ಟು ದಣಿದಿದೆಯೋ, ಒಳಗೆ ಕೂದಲೆಳೆ ಬಿರುಕು ಇದೆಯೋ ಕಣ್ಣಿಗೆ ಕಾಣುವುದಿಲ್ಲ.

ಸ್ಲಾಟ್ ಕೈಬಿಡಿ. ಹಿಡಿಯ ನಡುವೆ ಕೊರೆದರೆ ಬಾಗುವ ಜಾಗದಲ್ಲೇ ಮೂಲೆ ಹುಟ್ಟುತ್ತದೆ, ಇದು ಒಂದು. ಎರಡನೆಯದು ಇನ್ನೂ ಮುಖ್ಯ: ಸ್ಕ್ರೂ ಪಿನ್ ಶ್ಯಾಕಲ್‌ಗೆ ಕೈಬಿಗಿ ಸಾಕು, ಪಿನ್ನಿನ ಕಾಲರ್ ಶ್ಯಾಕಲ್ ಮೈಗೆ ಪೂರ್ತಿ ಕೂರಬೇಕು ಅಷ್ಟೆ. 420 ಎಂಎಂ ಹಿಡಿ ಕೈಗೆ ಸಿಕ್ಕರೆ ಯಾರಾದರೂ ಬಲ ಹಾಕೇ ಹಾಕುತ್ತಾರೆ. ಥ್ರೆಡ್ ಕಚ್ಚಿಕೊಂಡು, ಬಿಚ್ಚುವಾಗ ಪಿನ್ನಿನ ಕಿವಿಯೇ (ತಿರುಗಿಸಲು ಹಿಡಿಯುವ ಚಪ್ಪಟೆ ತಲೆ) ಕಿತ್ತು ಬರುತ್ತದೆ. 10 ಎಂಎಂ ಪ್ಲೇಟಿನಲ್ಲಿ 130 ಎಂಎಂ ಉದ್ದದ ಬೇರೆ ಕೀ ಕತ್ತರಿಸಿ. ಕಿವಿಯ ದಪ್ಪ ಸೈಜಿನಿಂದ ಸೈಜಿಗೆ ಬೇರೆ, ಆದ್ದರಿಂದ ನಿಮ್ಮಲ್ಲಿರುವ ಶ್ಯಾಕಲ್‌ಗಳನ್ನು ಅಳೆದು ಎರಡೂ ತುದಿಗೆ ಬೇರೆ ಬೇರೆ ಅಳತೆಯ ಸ್ಲಾಟ್ ಕೊಡಿ. ಆ ಕೀ ಮುಖ್ಯವಾಗಿ ಬಿಚ್ಚಲು.

ಸ್ಪ್ಯಾನರ್ ಬಾಯಿಗೆ 0.2–0.4 ಎಂಎಂ ಸಡಿಲ ಬಿಡಿ, 15 ಡಿಗ್ರಿ ಓರೆ ಕೊಡಿ. ಮಗುಚಿ ಹಿಡಿದರೆ 30 ಡಿಗ್ರಿ ಜಾಗದಲ್ಲೇ ನಟ್ ತಿರುಗುತ್ತದೆ, ಫ್ಲೇಂಜಿನ ಸಂದಿಯಲ್ಲಿ ಅಷ್ಟೇ ಸಿಗುವುದು.