ಅಪ್‌ಡೇಟ್: ಅಮ್ಮನ ಕರುಳಿನ ಸೋಂಕು ಈ ಬಾರಿ ಮರುಕಳಿಸಲಿಲ್ಲ

ಆಂಟಿಬಯೋಟಿಕ್ ಸೇವನೆಯ ಬಳಿಕ ಅಮ್ಮನಿಗೆ ಪದೇ ಪದೇ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಎಂಬ, ಭೇದಿ ತರುವ ಬ್ಯಾಕ್ಟೀರಿಯಾದ ಸೋಂಕು ತಗುಲುತ್ತಿದ್ದಾಗ, ಪ್ರೊಬಯಾಟಿಕ್ (ಕರುಳಿಗೆ ಒಳಿತು ಮಾಡುವ) ಬ್ಯಾಕ್ಟೀರಿಯಾಗಳಿಂದ ಅದನ್ನು ತಡೆಯಬಹುದೇ ಎಂದು ಇಲ್ಲಿ ಕೇಳಿದ್ದೆ. ಚಿಕಿತ್ಸೆ ಮುಗಿದು 70 ದಿನಗಳಾದವು, ಭೇದಿ ಮರಳಿಲ್ಲ.

ಲ್ಯಾಕ್ಟೋಬ್ಯಾಸಿಲಸ್ ಎಂಬ ಪ್ರೊಬಯಾಟಿಕ್ ಬ್ಯಾಕ್ಟೀರಿಯಾದ ಕ್ಯಾಪ್ಸೂಲಿನ ಸಲಹೆ ನಮಗೆ ಫಲಿಸಲಿಲ್ಲ. ಅದನ್ನು ಸೇವಿಸುತ್ತಿರುವಾಗಲೇ ಸೋಂಕು ಮತ್ತೆ ಕಾಣಿಸಿಕೊಂಡಿತು. ಕೆಲಸ ಮಾಡಿದ್ದು, ಈ ಸೋಂಕಿಗೆ ಕೊಡುವ ಆಂಟಿಬಯೋಟಿಕ್ ವ್ಯಾಂಕೊಮೈಸಿನ್ ಅನ್ನು ಒಮ್ಮೆಲೇ ನಿಲ್ಲಿಸದೆ ವಾರದಿಂದ ವಾರಕ್ಕೆ ಇಳಿಸುತ್ತ ಬರುವಂತೆ ವೈದ್ಯರನ್ನು ಕೇಳಿ ಎಂದವರ ಮಾತು. ಔಷಧಿಗೆ ಬಗ್ಗದ ಬೀಜಕಣಗಳು (ಬ್ಯಾಕ್ಟೀರಿಯಾದ ಗಟ್ಟಿ ಕವಚದ ಸುಪ್ತ ರೂಪ) ಡೋಸ್‌ಗಳ ನಡುವಿನ ಬಿಡುವಿನಲ್ಲಿ ಮೊಳೆತಾಗ, ಮುಂದಿನ ಡೋಸ್ ಅವನ್ನು ಕೊಲ್ಲುತ್ತದೆಯಂತೆ. ಕೊನೆಯ ವಾರಗಳಲ್ಲಿ ಮೂರು ದಿನಕ್ಕೊಂದು ಮಾತ್ರೆ. ಅಮ್ಮ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕಿಕೊಂಡು ಒಂದನ್ನೂ ತಪ್ಪಿಸಲಿಲ್ಲ.

ಜೊತೆಗೆ ವೈದ್ಯರ ಒಪ್ಪಿಗೆಯಿಂದ ಸ್ಯಾಕರೊಮೈಸಿಸ್ ಬೌಲಾರ್ಡಿ ಎಂಬ ಇನ್ನೊಂದು ಪ್ರೊಬಯಾಟಿಕ್ ಅನ್ನು ದಿನಕ್ಕೆರಡು ಬಾರಿ 500 ಮಿಲಿಗ್ರಾಂನಂತೆ ನಾಲ್ಕು ವಾರ ಕೊಟ್ಟೆವು. ಇದು ಬ್ಯಾಕ್ಟೀರಿಯಾ ಅಲ್ಲ, ಯೀಸ್ಟ್. ಆದ್ದರಿಂದಲೇ ವ್ಯಾಂಕೊಮೈಸಿನ್ ಇದನ್ನು ಕೊಲ್ಲುವುದಿಲ್ಲ ಎಂಬುದು ನನಗೆ ಹೊಸ ವಿಷಯ. ಮರುಕಳಿಸುವ ಸೋಂಕಿನಲ್ಲಿ ಇದರಿಂದ ಪ್ರಯೋಜನವಿದೆಯೆಂದು 1994ರ ಅಧ್ಯಯನವೊಂದು ತೋರಿಸಿತ್ತು. ಆದರೆ ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ, ದೊಡ್ಡ ರಕ್ತನಾಳಕ್ಕೆ ಕ್ಯಾತಿಟರ್ (ನಳಿಕೆ) ಹಾಕಿಸಿಕೊಂಡವರಲ್ಲಿ ಈ ಯೀಸ್ಟ್ ರಕ್ತಕ್ಕೇ ಸೇರಬಹುದು. ದಯವಿಟ್ಟು ವೈದ್ಯರನ್ನು ಕೇಳದೆ ಕೊಡಬೇಡಿ. ನಮ್ಮಲ್ಲಿ ಗೆದ್ದದ್ದು ಎರಡರಲ್ಲಿ ಯಾವುದು ಎಂದು ಬೇರ್ಪಡಿಸಿ ಹೇಳಲಾರೆ. ನನ್ನ ಒಲವು ಮೊದಲನೆಯದರ, ಅಂದರೆ ವ್ಯಾಂಕೊಮೈಸಿನ್ ಇಳಿಸುತ್ತ ಬಂದದ್ದರ ಕಡೆಗೆ.

ಕೈಗೆ ಹಚ್ಚುವ ಆಲ್ಕೋಹಾಲ್ ಸ್ಯಾನಿಟೈಸರ್ ಈ ಬೀಜಕಣಗಳನ್ನು ಕೊಲ್ಲುವುದಿಲ್ಲ ಎಂದು ಎಚ್ಚರಿಸಿದವರಿಗೆ ವಿಶೇಷ ಕೃತಜ್ಞತೆಗಳು. ಶೌಚಾಲಯದ ಬಾಗಿಲ ಬಳಿಯಿದ್ದ ಆ ಬಾಟಲಿಯನ್ನು ಅಂದೇ ತೆಗೆದು, ಸೋಪು ಇಟ್ಟೆವು.