ವಲಸಿಗ, ಸಂಜಾತ, ಮೂಲದವರು: ವಲಸೆ ಬಂದವರ ಮಕ್ಕಳಿಗೆ ಯಾವ ಪದ?

ಎಲ್ಲರಿಗೂ ನಮಸ್ಕಾರ,

ಜರ್ಮನಿಯ ಸಂಸತ್ತಿನಲ್ಲಿ ವಲಸೆ ಬಂದ ಮನೆಗಳವರಿಗೆ ಎಷ್ಟು ಜಾಗ ಸಿಕ್ಕಿದೆ ಎಂಬ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಲ್ಕು ದಿನದಿಂದ ಒಂದೇ ಪದದ ಹತ್ತಿರ ನಿಂತುಬಿಟ್ಟಿದ್ದೇನೆ: ‘ಮಿಗ್ರಾಟ್ಸಿಯೋನ್ಸ್‌ಹಿಂಟರ್‌ಗ್ರುಂಡ್’. ಬಿಡಿಸಿದರೆ ‘ವಲಸೆ ಹಿನ್ನೆಲೆ’. 2005ರಿಂದ ಅಲ್ಲಿನ ಸರ್ಕಾರಿ ಅಂಕಿಅಂಶಗಳಲ್ಲಿ ಬಳಕೆಯಲ್ಲಿದೆ. ತಾನು ಅಥವಾ ತಂದೆತಾಯಿಯರಲ್ಲಿ ಕನಿಷ್ಠ ಒಬ್ಬರು ಹುಟ್ಟಿನಿಂದ ಜರ್ಮನ್ ಪೌರತ್ವ ಪಡೆದವರಲ್ಲದಿದ್ದರೆ ಅಂಥವರು ಈ ಲೆಕ್ಕಕ್ಕೆ ಸೇರುತ್ತಾರೆ.

ಮೊದಲ ಕರಡಿನಲ್ಲಿ ‘ವಲಸಿಗ ಸಂಸದರು’ ಎಂದು ಬರೆದಿದ್ದೆ. ಓದಿದ ಗೆಳತಿ, ‘ಇವರೆಲ್ಲ ಯಾವ ಪಕ್ಷ ಬಿಟ್ಟು ಬಂದವರು?’ ಎಂದು ಕೇಳಿದಳು. ಅವಳ ತಪ್ಪಲ್ಲ. 2019ರಲ್ಲಿ ಕಾಂಗ್ರೆಸ್, ಜೆಡಿಎಸ್ ಬಿಟ್ಟು ಬಿಜೆಪಿ ಸೇರಿದ ಶಾಸಕರನ್ನು ನಮ್ಮ ಪತ್ರಿಕೆಗಳು ‘ವಲಸಿಗರು’ ಎಂದೇ ಕರೆದವು. ರಾಜಕೀಯದ ಸುದ್ದಿಯಲ್ಲಿ ಈ ಪದಕ್ಕೆ ಪಕ್ಷಾಂತರದ ಅರ್ಥ ಗಟ್ಟಿಯಾಗಿ ಅಂಟಿಕೊಂಡಿದೆ.

ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ನನ್ನ ಅಕ್ಕನ ಮಗಳು ಸ್ಟುಟ್‌ಗಾರ್ಟ್‌ನಲ್ಲೇ ಹುಟ್ಟಿದವಳು. 2000ದಲ್ಲಿ ಜಾರಿಗೆ ಬಂದ ಪೌರತ್ವ ಕಾನೂನಿನಿಂದಾಗಿ ಹುಟ್ಟಿದಂದಿನಿಂದಲೇ ಜರ್ಮನ್ ಪ್ರಜೆ. ಆದರೂ ತಂದೆತಾಯಿ ಇಲ್ಲಿಂದ ಹೋದವರಾದ್ದರಿಂದ ‘ವಲಸೆ ಹಿನ್ನೆಲೆ’ಯ ಲೆಕ್ಕದಲ್ಲಿದ್ದಾಳೆ. ಫೋನಿನಲ್ಲಿ ನನ್ನ ವಾಕ್ಯ ಓದಿ ಹೇಳಿದೆ. ‘ಚಿಕ್ಕಮ್ಮಾ, ವಲಸೆ ಬಂದದ್ದು ಅಮ್ಮ. ನಾನು ಎಲ್ಲಿಂದ ಬಂದೆ?’ ಅಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಕರಡಿನಿಂದ ‘ವಲಸಿಗ’ವನ್ನು ಅವತ್ತೇ ಹೊಡೆದುಹಾಕಿದೆ.

ಪತ್ರಿಕೆಗಳಲ್ಲಿ ಸಿದ್ಧವಾಗಿ ಸಿಗುವ ಇನ್ನೊಂದು ಪದ ‘ಸಂಜಾತ’. ರಿಷಿ ಸುನಕ್ ಪ್ರಧಾನಿಯಾದಾಗ ‘ಭಾರತ ಸಂಜಾತ’ ಎಂದು ಓದಿದ ನೆನಪು ಎಷ್ಟೋ ಜನಕ್ಕಿರಬಹುದು. ಸುನಕ್ ಹುಟ್ಟಿದ್ದು ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ, 1980ರಲ್ಲಿ. ಅವರ ತಂದೆತಾಯಿ ಹುಟ್ಟಿದ್ದೂ ಪೂರ್ವ ಆಫ್ರಿಕಾದಲ್ಲಿ. ಪಂಜಾಬು ಬಿಟ್ಟು ಹೊರಟವರು ಅಜ್ಜಂದಿರು. ಸಂಜಾತ ಎಂದರೆ ಹುಟ್ಟಿದವನು ತಾನೆ? ‘ಕುಲಸಂಜಾತ’ದಂತೆ ‘ಭಾರತೀಯ ಸಂಜಾತ’ ಎಂದರೆ ಭಾರತೀಯರ ವಂಶದಲ್ಲಿ ಹುಟ್ಟಿದವ ಎಂದು ಸಮರ್ಥಿಸಬಹುದೇನೋ. ‘ಭಾರತ ಸಂಜಾತ’ವನ್ನಂತೂ ಒಪ್ಪಲಾರೆ. ಓದುವವರಿಗೆ ಅದು ತಪ್ಪು ಮಾಹಿತಿಯನ್ನೇ ಕೊಡುತ್ತದೆ.

‘ಮೂಲದ’ ಎಂಬುದು ಇವೆರಡಕ್ಕಿಂತ ಮೇಲು. ಜೆಮ್ ಓಜ್ದೆಮಿರ್ ಅವರನ್ನು ‘ತುರ್ಕಿ ಮೂಲದ ರಾಜಕಾರಣಿ’ ಎನ್ನಲು ಅಡ್ಡಿಯಿಲ್ಲ. ಅವರು 1965ರಲ್ಲಿ ದಕ್ಷಿಣ ಜರ್ಮನಿಯ ಬಾಡ್ ಉರಾಖ್ ಎಂಬ ಪುಟ್ಟ ಊರಲ್ಲಿ ಹುಟ್ಟಿದವರು, 1994ರಲ್ಲಿ ಜರ್ಮನ್ ಸಂಸತ್ತಾದ ಬುಂಡೆಸ್ಟಾಗ್‌ಗೆ ಆರಿಸಿಬಂದವರು. ತಮ್ಮನ್ನು ‘ಅನತೋಲಿಯದ ಶ್ವಾಬಿ’ ಎಂದು ಕರೆದುಕೊಂಡಿದ್ದಾರೆ. ಅನತೋಲಿಯ ತುರ್ಕಿಯ ಭಾಗ, ಶ್ವಾಬಿ ಎಂದರೆ ಅವರು ಹುಟ್ಟಿದ ದಕ್ಷಿಣ ಜರ್ಮನಿಯ ಆ ಸೀಮೆಯವನು. ಹೆತ್ತವರ ನೆಲ, ತನ್ನ ನೆಲ ಎರಡೂ ಆ ಎರಡು ಪದಗಳಲ್ಲಿ ಬಂದುಬಿಟ್ಟವು. ನಮ್ಮ ಅನಿವಾಸಿ, ಸಂಜಾತ, ಮೂಲದವರು ಎಲ್ಲವೂ ಹೊರಟ ಊರಿನ ಕಡೆಯಿಂದ ನೋಡುವ ಪದಗಳು. ಮತ ಹಾಕುವ ಊರಿನ ಕಡೆಯಿಂದ ನೋಡುವ ಪದ ನನಗೆ ಬೇಕಾಗಿದೆ.

ಬೇರೆ ಬೇರೆ ದೇಶಗಳವರನ್ನು ಒಟ್ಟಾಗಿ ಹೇಳಬೇಕಾದಾಗ ‘ಮೂಲ’ವೂ ಕೈಕೊಡುತ್ತದೆ. 2021ರ ಚುನಾವಣೆಯಲ್ಲಿ ಆರಿಸಿಬಂದ 736 ಮಂದಿಯಲ್ಲಿ ಇಂಥ ಹಿನ್ನೆಲೆಯವರು 83. ಜನಸಂಖ್ಯೆಯಲ್ಲಿ ಅವರು ಕಾಲುಭಾಗಕ್ಕಿಂತ ಹೆಚ್ಚು. ಈ 83 ಜನರನ್ನು ‘ಅನ್ಯಮೂಲದವರು’ ಎಂದು ಬರೆಯಲು ನನಗೆ ಮನಸ್ಸು ಬರುತ್ತಿಲ್ಲ. ಆ ‘ಅನ್ಯ’ ಚುಚ್ಚುತ್ತದೆ.

ಇವರನ್ನೇ ‘ಜನಾಂಗೀಯ ಅಲ್ಪಸಂಖ್ಯಾತರು’ ಎನ್ನೋಣವೆಂದರೆ ಜರ್ಮನಿಯಲ್ಲಿ ಅದು ಬೇರೆಯೇ ಗುಂಪು. ಡೇನರು, ಫ್ರೀಸಿಯನ್ನರು, ಸೋರ್ಬರು, ಸಿಂತಿ–ರೋಮಾಗಳು ಅಲ್ಲಿ ಮಾನ್ಯತೆ ಪಡೆದ ಅಲ್ಪಸಂಖ್ಯಾತರು. ಸಂಸತ್ತಿನಲ್ಲಿ ಜಾಗ ಸಿಗಲು ಬೇರೆ ಪಕ್ಷಗಳಿಗಿರುವಂತೆ ಇಂಥವರ ಪಕ್ಷಗಳಿಗೆ ನೂರಕ್ಕೆ 5 ಮತದ ಷರತ್ತಿಲ್ಲ. ಅದರಿಂದಾಗಿಯೇ 2021ರಲ್ಲಿ ಡೇನರ ಮತ್ತು ಫ್ರೀಸಿಯನ್ನರ ಪಕ್ಷದ ಸ್ಟೆಫಾನ್ ಸೈಡ್ಲರ್ ಒಬ್ಬರೇ ಗೆದ್ದು ಒಳಗೆ ಹೋದರು. ತುರ್ಕಿ ಮೂಲದವರಿಗೆ ಈ ವಿನಾಯಿತಿ ಇಲ್ಲ. ಎರಡಕ್ಕೂ ಒಂದೇ ಪದ ಹಾಕಿದರೆ ಲೇಖನದ ವಾದವೇ ಕುಸಿಯುತ್ತದೆ. ಅಲ್ಲದೆ ನಮ್ಮಲ್ಲಿ ಅಲ್ಪಸಂಖ್ಯಾತ ಎಂದ ಕೂಡಲೇ ಧರ್ಮ, ಜನಾಂಗ ಎಂದ ಕೂಡಲೇ ಜಾತಿ ನೆನಪಾಗುತ್ತದೆ. ಮದುವೆ ಜಾಹೀರಾತಿನ ‘ನಮ್ಮ ಜನಾಂಗದ ವರ’ ನೋಡಿ.

ಸದ್ಯಕ್ಕೆ ‘ವಲಸೆ ಕುಟುಂಬದ ಪ್ರಜೆಗಳು’ ಎಂದು ಹಾಕಿದ್ದೇನೆ. ಜರ್ಮನಿಯಲ್ಲೇ ಹಳೆಯ ಪದ ಬಿಟ್ಟು ‘ವಲಸೆ ಬಂದವರು ಮತ್ತು ಅವರ ಮಕ್ಕಳು’ ಎಂದು ನೇರವಾಗಿ ಹೇಳಬೇಕೆಂದು 2021ರಲ್ಲಿ ತಜ್ಞರ ಆಯೋಗವೊಂದು ಸಲಹೆ ಕೊಟ್ಟಿತ್ತು. ಉದ್ದವಾದರೂ ಕನ್ನಡಕ್ಕೆ ಅದೇ ಒಗ್ಗುತ್ತದೆಯೇ? ಮುಂಬೈ, ಮಸ್ಕತ್, ಲಂಡನ್ ಕಡೆ ಇರುವವರು ದಯವಿಟ್ಟು ತಿಳಿಸಿ: ಅಲ್ಲೇ ಹುಟ್ಟಿ ಬೆಳೆದ ನಿಮ್ಮ ಮಕ್ಕಳು ಕನ್ನಡದಲ್ಲಿ ತಮ್ಮನ್ನು ಏನೆಂದು ಹೇಳಿಕೊಳ್ಳುತ್ತಾರೆ?